ಸಾಹೇಬನ ಅಂಗಿಯ ಎರಡನೇ ಗುಂಡಿ

ಮಾರ್ಚ್ 3, ಸೋಮವಾರ. ಬೆಳಗ್ಗೆ 6

ಇವತ್ತು ಉಪವಾಸ. ನೀರು ಮಾತ್ರ. ಐದಕ್ಕೆ ಎದ್ದೆ. ಬಾಗಿಲ ಮುಂದೆ ಗುಡಿಸಿ ನೀರು ಹಾಕಿದೆ, ರಾತ್ರಿಯ ಪಾತ್ರೆ ತೊಳೆದೆ, ದೀಪ ಹಚ್ಚಿದೆ. ಇವರು ಬಸ್ ಡಿಪೋಗೆ ಹೊರಟರು. ಮೊದಲ ಬಸ್ಸಿನ ಟಿಕೆಟ್ ಕಿಟಕಿ ಇವರದು. ಮಗಳು ಇನ್ನೂ ಮುಸುಕು ಹಾಕಿ ಮಲಗಿದ್ದಾಳೆ. ನರ್ಸಿಂಗ್ ಓದುವವಳು, ರೋಗಿಗಳನ್ನು ಎಬ್ಬಿಸುವುದು ಕಲಿಯುತ್ತಿದ್ದಾಳೆ... ಅವಳನ್ನು ಎಬ್ಬಿಸುವುದು ಯಾರು?

ದೇವರ ಮುಂದೆ ಕೂತರೂ ಮನಸ್ಸು ಸಾಹೇಬನ ಹಿಂದೆಯೇ ಓಡಿತು. ತಪ್ಪಾಯಿತು ತಂದೆ. ಆದರೆ ಏನು ಮಾಡಲಿ, 'ಮೂರನೇ ನಕ್ಷತ್ರ' ಸೀರಿಯಲ್ ಇನ್ನು ನಾಲ್ಕೇ ವಾರ! 28ಕ್ಕೆ ಮುಗಿಯುತ್ತದೆ ಎಂದು ಶುಕ್ರವಾರ ಕೊನೆಯಲ್ಲಿ ಹಾಕಿಬಿಟ್ಟರು. ಎರಡು ನಕ್ಷತ್ರದ ಪೊಲೀಸ್ ಸಾಹೇಬ, ಭುಜಕ್ಕೆ ಮೂರನೆಯದು ಬರಲಿ ಎಂದು ಕೇಸು ಮುಚ್ಚುತ್ತಾ ಮುಚ್ಚುತ್ತಾ ಈಗ ಕುತ್ತಿಗೆವರೆಗೆ ಮುಳುಗಿದ್ದಾನೆ. ಹಿಂದೆ ಬಿದ್ದಿರುವವಳು ಹೊಸ ಲೇಡಿ ಆಫೀಸರ್. ಹಿಡಿಯುತ್ತಾಳಾ? ಇವನೇ ಅವಳನ್ನು ಮುಗಿಸುತ್ತಾನಾ? ಒಂದೂವರೆ ವರ್ಷ ನೋಡಿದ್ದೇನೆ. ಕೆಟ್ಟವನು ಎಂದು ಗೊತ್ತು, ಆದರೂ ಅವನು ಹೆಂಡತಿ ಮುಂದೆ ತಲೆ ತಗ್ಗಿಸಿದಾಗ ಅಯ್ಯೋ ಎನಿಸುತ್ತದೆ.

ಯಾಕೆ ಹಾಗೆ ಎನಿಸುತ್ತದೆ ಎಂದು ನನಗೆ ಗೊತ್ತು. ತಮ್ಮನೂ ಪೊಲೀಸನಾಗಿದ್ದ. ಈ ಸೋಮವಾರದ ಉಪವಾಸಕ್ಕೆ ಆರು ವರ್ಷ, ಅವನಿಗಾಗಿ ಹಿಡಿದದ್ದು. ಅವನ ಜೊತೆ ಮಾತು ಬಿಟ್ಟು ಕೂಡ ಆರು ವರ್ಷ. ಮಾತು ಬಿಟ್ಟವಳೂ ನಾನೇ, ಉಪವಾಸ ಹಿಡಿದವಳೂ ನಾನೇ. ದೇವರಿಗೇ ತಲೆ ಕೆಟ್ಟಿರಬೇಕು.

ಎದ್ದೆ. ಹೊತ್ತಾಯಿತು.

ಮಾರ್ಚ್ 4, ಮಂಗಳವಾರ

ಅಂಗಡಿಯಲ್ಲಿ ಇವತ್ತು ಕೆಲಸಕ್ಕಿಂತ ಬಾಯಿಯೇ ಜಾಸ್ತಿ. ನಮ್ಮದು ಯೂನಿಫಾರಂ ಹೊಲಿಯುವ ಅಂಗಡಿ, ಪೊಲೀಸು, ಸೆಕ್ಯೂರಿಟಿ, ಆಸ್ಪತ್ರೆ, ಎಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಕಾಜಾ-ಗುಂಡಿ. ಅಂಗಿಗೆ ಗುಂಡಿಯ ಕಣ್ಣು ಕೊಯ್ದು ಹೊಲಿಯುವುದು, ಗುಂಡಿ ಕೂರಿಸುವುದು. ಈಗ ಗುಂಡಿಗೆ ಮಿಷನ್ ಬಂದಿದೆ. ಮಿಷನ್ ಕೈಕೊಟ್ಟರೆ ಮತ್ತೆ ನನ್ನ ಕೈ.

ಓವರ್‌ಲಾಕ್ ಶುರು ಮಾಡಿದಳು. ಓವರ್‌ಲಾಕ್ ಮಿಷನ್ನಿನಲ್ಲಿ ಬಟ್ಟೆಯ ಅಂಚು ಹೊಲಿಯುತ್ತಾಳೆ, ಮಿಷನ್ ನಿಂತರೂ ಇವಳು ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು.

"ಬರೆದಿಟ್ಕೊಳ್ಳಿ, ಸಾಹೇಬನ್ನ ಅವನ ಡ್ರೈವರ್ರೇ ಕೊಲ್ತಾನೆ. ಅವನ ಕಣ್ಣು ನೋಡಿದೀರಾ? ಹಾವಿನ ಕಣ್ಣು!"

"ಬರೆದೇ ಇಡೋಣ," ಎಂದೆ ನಾನು.

ಹಾಗೆ ಹುಟ್ಟಿತು ಗುಂಡಿ ಡಬ್ಬಿ. ಎಲ್ಲರೂ ಒಂದೊಂದು ಅಳತೆ ಚೀಟಿಯ ಹಿಂದೆ ಕಥೆ ಹೇಗೆ ಮುಗಿಯುತ್ತದೆ ಎಂದು ಬರೆದು ಖಾಲಿ ಗುಂಡಿ ಡಬ್ಬಿಗೆ ಹಾಕಬೇಕು. ಮುಗಿದ ಮಾರನೇ ದಿನ ತೆಗೆಯುವುದು. ಸರಿಯಾಗಿ ಹೇಳಿದವರಿಗೆ ಬೇಸಿಗೆ ಪೂರ್ತಿ ಹೊಸ ಫ್ಯಾನಿನ ಕೆಳಗಿನ ಜಾಗ! ಎಲ್ಲರ ಕಣ್ಣೂ ಆ ಫ್ಯಾನಿನ ಮೇಲೆ ಇದ್ದದ್ದೇ.

ನಾನು ಬರೆದದ್ದು: ಹಿಡಿಯುತ್ತಾರೆ. ಎಲ್ಲರ ಎದುರು ಬೇಡಿ ಹಾಕುತ್ತಾರೆ. ಹೆಂಡತಿ ನೋಡುತ್ತಿರುತ್ತಾಳೆ.

ಇಸ್ತ್ರಿ ಎರಡು ಚೀಟಿ ಕೇಳಿದಳು. ಇಸ್ತ್ರಿ ಎಂದರೆ ಇಸ್ತ್ರಿ ಮೇಜಿನವಳು, ನನ್ನ ತಮ್ಮನ ಹೆಂಡತಿ. ಅವಳ ಜೊತೆ ನನಗೆ ಮಾತುಂಟು, ನಗುವುಂಟು, ಊಟದ ಡಬ್ಬಿ ಬಿಚ್ಚಿದರೆ ಹಂಚಿ ತಿನ್ನುವುದೂ ಉಂಟು. ತಮ್ಮನ ಹೆಸರು ಮಾತ್ರ ನನ್ನ ಮುಂದೆ ಎತ್ತಬಾರದು ಎಂದು ಮೊದಲೇ ಕಟ್ಟು ಮಾಡಿದ್ದೇನೆ.

"ಎರಡು ಯಾಕೆ?" ಎಂದು ಓವರ್‌ಲಾಕ್.

"ಮನೇಲಿ ಇನ್ನೊಬ್ಬರು ನೋಡ್ತಾರಲ್ಲ," ಎಂದಳು ಇಸ್ತ್ರಿ, ನನ್ನ ಮುಖ ನೋಡದೆ.

ನಾನು ಸೂಜಿಗೆ ದಾರ ಪೋಣಿಸುತ್ತಾ ಕೂತೆ. ದಾರ ಮೂರು ಸಲ ತಪ್ಪಿತು.

ಮಾರ್ಚ್ 5, ಬುಧವಾರ

ಎರಡನೇ ಚೀಟಿ ಬಂತು. ನಾಲ್ಕು ಮಡಿಕೆ. ಯಾರೂ ಬಿಚ್ಚಿ ನೋಡಬಾರದು ಎಂದು ಕಟಿಂಗ್ ಮಾಸ್ಟರ್ ಡಬ್ಬಿಯ ಮೇಲೆ ಖಾಕಿ ಬಟ್ಟೆ ಮುಚ್ಚಿ ಸುತ್ತಲೂ ಹೊಲಿದುಬಿಟ್ಟರು. ಅವರು ಸೀರಿಯಲ್ ನೋಡುವವರಲ್ಲ. ಮಿಷನ್ ಸದ್ದಿಗೂ ನಮ್ಮ ಸದ್ದಿಗೂ ಸೇರಿಸಿ ಕಿವಿಗೆ ಹತ್ತಿ ಇಟ್ಟುಕೊಂಡೇ ಕೂರುತ್ತಾರೆ. "ನಿಮ್ಮ ಕೈಲಿ ಬೀಗಾನೂ ಉಳಿಯಲ್ಲ, ಹೊಲಿಗೆ ಬಿಚ್ಚಿದ್ರೆ ನಂಗೆ ಗೊತ್ತಾಗತ್ತೆ," ಎಂದರು.

ಇವರನ್ನು ಕೇಳಿದೆ, ನೀವು ಏನು ಹೇಳುತ್ತೀರಿ ಎಂದು.

"ಏನೂ ಆಗಲ್ಲ ಕಣೆ. ಟ್ರಾನ್ಸ್‌ಫರ್ ಮಾಡ್ತಾರೆ, ಅಷ್ಟೆ."

ಮಗಳು ಬಿದ್ದು ಬಿದ್ದು ನಕ್ಕಳು.

ಮಾರ್ಚ್ 6, ಗುರುವಾರ

ಓವರ್‌ಲಾಕ್ ಬಾಯಿಗೆ ಬೀಗವಿಲ್ಲ. "ಏ ಇಸ್ತ್ರಿ, ನಿನ್ನ ಯಜಮಾನ್ರು ಒಳಗಿನವರಲ್ವಾ, ಸ್ಟೇಷನ್ ಡೈರಿ ಹರಿದ್ರೆ ಗೊತ್ತಾಗಲ್ವಾ ಅಂತ ಕೇಳ್ಕೊಂಡ್ ಬಾ!" ಎಂದಿದ್ದಳು ನಿನ್ನೆ. ಇವತ್ತು ಅಳತೆ ಚೀಟಿಯ ಹಿಂದೆ ಉತ್ತರ ಬಂತು. ಪುಟಕ್ಕೆಲ್ಲ ನಂಬರು ಇರುತ್ತದೆ, ಹರಿಯುವ ದಡ್ಡ ಯಾರೂ ಇಲ್ಲ, ತಿದ್ದುತ್ತಾರೆ ಎಂದು.

ತಮ್ಮನ ಅದೇ ಅಕ್ಷರ. 'ದ' ಬರೆದರೆ ಬಾಲ ಅಂಗಳದ ತನಕ. ನಾನೇ ಸ್ಲೇಟು ಹಿಡಿಸಿ ಕಲಿಸಿದ್ದು.

ತಿದ್ದುತ್ತಾರೆ... ಹೌದು, ಅವನಿಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು. ಒಂದು ಲಾರಿ ನಂಬರಿನಲ್ಲಿ ಒಂದೇ ಒಂದು ಅಂಕಿ ತಿದ್ದಿದ, ಕೈ ಬೆಚ್ಚಗೆ ಮಾಡಿಕೊಂಡ. ಆ ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡವನಿಗೆ ನ್ಯಾಯ ಸಿಗಲಿಲ್ಲ. ವಿಚಾರಣೆ ಬಂದಾಗ ತಮ್ಮ ನನ್ನ ಬಾಗಿಲಿಗೆ ಬಂದ. "ಆ ದಿನ ನಿನ್ನ ಮನೇಲಿದ್ದೆ ಅಂತ ಒಂದು ಮಾತು ಹೇಳಕ್ಕ, ಸಾಕು." ದೀಪ ಉರಿಯುತ್ತಿತ್ತು. ದೀಪದ ಮುಂದೆ ನಿಂತು ಹೇಳಿದೆ: "ನಿನ್ನ ಜೊತೆ ಇನ್ನು ನಾನು ಬಾಯಿ ಬಿಟ್ಟು ಮಾತಾಡಲ್ಲ." ಬಾಗಿಲು ಹಾಕಿಕೊಂಡೆ. ಆಮೇಲೆ ಅವನಿಗೆ ಒಂದು ವರ್ಷ ಜೈಲಾಯಿತು, ಕೆಲಸ ಹೋಯಿತು. ಈಗ ವೇಬ್ರಿಡ್ಜಿನಲ್ಲಿ ಕೂತು ಲಾರಿಗಳ ತೂಕ ಬರೆಯುತ್ತಾನಂತೆ.

ಚೀಟಿಯ ಕೆಳಗೆ ಜಾಗವಿತ್ತು. ಪೆನ್ಸಿಲ್ ಕೈಯಲ್ಲಿತ್ತು. ಬರೆದುಬಿಟ್ಟೆ: "ಹಾಗಾದರೆ ಲೇಡಿ ಆಫೀಸರ್ ಅದನ್ನು ಹೇಗೆ ಕಂಡುಹಿಡಿಯುತ್ತಾಳೆ?"

ಬಾಯಿ ಬಿಡುವುದಿಲ್ಲ ಎಂದು ತಾನೇ ಹೇಳಿದ್ದು? ಕೈಯ ವಿಷಯ ಹೇಳಿರಲಿಲ್ಲ. ದೇವರು ಲಾಯರ್ ಅಲ್ಲ, ಗೊತ್ತು. ಆದರೂ...

ಮಾರ್ಚ್ 7, ಶುಕ್ರವಾರ. ರಾತ್ರಿ 8

ಸತ್ತ!!

ಸಾಹೇಬ ಸತ್ತ! ನದಿ ದಂಡೆಯಲ್ಲಿ ಹೆಣ. ಮುಖ ಗುರುತು ಸಿಗುವುದಿಲ್ಲ. ಸಾಹೇಬನ ಖಾಕಿ ಅಂಗಿ, ಭುಜದಲ್ಲಿ ಎರಡು ನಕ್ಷತ್ರ. ಲೇಡಿ ಆಫೀಸರ್ ಮೊಣಕಾಲೂರಿ ಅಂಗಿಯ ಗುಂಡಿ ಮುಟ್ಟಿ ನೋಡಿದಳು. ಹತ್ತಿರದಿಂದ ತೋರಿಸಿದರು. ಅಷ್ಟಕ್ಕೆ ನಿಲ್ಲಿಸಿದರು. ಇನ್ನು ಸೋಮವಾರ!

ಮಗಳು ಫೋನು ಹಿಡಿದು ಕುಣಿಯುತ್ತಿದ್ದಾಳೆ. ಫ್ಯಾನ್ ಗ್ರೂಪಿನಲ್ಲಿ ಬೆಂಕಿ ಬಿದ್ದಿದೆಯಂತೆ. ಇನ್ನು ಮೂರು ವಾರ ಇದೆ, ನಾಯಕನೇ ಸತ್ತರೆ ಏನು ತೋರಿಸುತ್ತಾರೆ, ಮೂಳೆಯಾ?

ಏನೋ ಸರಿ ಇಲ್ಲ. ಕಣ್ಣಿಗೆ ಏನೋ ಚುಚ್ಚಿತು. ಏನು ಎಂದು ಹೊಳೆಯುತ್ತಿಲ್ಲ.

ಮಾರ್ಚ್ 8, ಶನಿವಾರ. ಬೆಳಗ್ಗೆ 5

ಹೊಳೆಯಿತು! ಗುಂಡಿ!

ಮಗಳನ್ನು ಎಬ್ಬಿಸಿ ಫೋನಿನಲ್ಲಿ ಮತ್ತೆ ಹಾಕಿಸಿದೆ. ಬೈದುಕೊಂಡೇ ಹಾಕಿದಳು. ಸೀರಿಯಲ್ ಶುರುವಾಗುವಾಗ ದಿನಾ ಬರುತ್ತದಲ್ಲ, ಸಾಹೇಬ ಕನ್ನಡಿ ಮುಂದೆ ಅಂಗಿಗೆ ಗುಂಡಿ ಹಾಕಿಕೊಳ್ಳುವುದು, ಎರಡನೇ ಗುಂಡಿ ಪರದೆ ತುಂಬ ಬರುತ್ತದೆ. ನಾಲ್ಕು ಕಣ್ಣಿನ ಗುಂಡಿ, ಕತ್ತರಿ ಹೊಲಿಗೆ: ದಾರ ಮೂಲೆಯಿಂದ ಮೂಲೆಗೆ, ಒಂದರ ಮೇಲೊಂದು. ಕೈಯಲ್ಲಿ ಹಾಕಿದ್ದು. ಯಾರೋ ಪುಣ್ಯಾತ್ಮರು ಎಷ್ಟು ಬಿಗಿಯಾಗಿ, ಎಷ್ಟು ಚೆನ್ನಾಗಿ ಹಾಕಿದ್ದಾರೆ! ಹೆಣದ ಮೇಲಿನ ಅಂಗಿ? ಎರಡು ನೇರ ಗೆರೆ. ಮಿಷನ್ನಿನದು!

ಅದು ಸಾಹೇಬನ ಅಂಗಿ ಅಲ್ಲ. ಅಂದರೆ ಅದು ಸಾಹೇಬ ಅಲ್ಲ. ಬದುಕಿದ್ದಾನೆ!

ಮಗಳ ನಿದ್ದೆ ಹಾರಿಹೋಯಿತು. "ಅಮ್ಮಾ, ನೀನು ಎಲ್ಲಿದ್ದೆ ಇಷ್ಟು ದಿನ? ನಿನ್ನ ಪೊಲೀಸಿಗೆ ಸೇರಿಸ್ಬೇಕಿತ್ತು!" ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ಗ್ರೂಪಿಗೆ ಹಾಕಿದಳು. "ನಮ್ಮಮ್ಮ ಕಾಜಾ-ಗುಂಡಿ ಕೆಲಸ ಮಾಡ್ತಾರೆ, ಅವರು ಹೇಳಿದ್ದು" ಎಂದು.

ಮಾರ್ಚ್ 10, ಸೋಮವಾರ

ಉಪವಾಸ. ಹಸಿವೇ ಇಲ್ಲ, ಹೊಟ್ಟೆಯೆಲ್ಲ ಖುಷಿ ತುಂಬಿದೆ. ಗ್ರೂಪಿನಲ್ಲಿ ನನಗೆ 'ಗುಂಡಿ ಅಕ್ಕ' ಎಂದು ಹೆಸರು ಬಿದ್ದಿದೆ. ಮೂರು ಸಾವಿರ ಜನ ಹೃದಯದ ಚಿಹ್ನೆ ಒತ್ತಿದ್ದಾರೆ. ಎಲ್ಲೆಲ್ಲಿಯವರೋ. ಒಬ್ಬ ಡಾಕ್ಟರ್ ಅಂತೆ, "ಗುಂಡಿ ಅಕ್ಕನ ಕಣ್ಣಿಗೆ ನನ್ನ ಎಕ್ಸ್‌ರೇ ಮಿಷನ್ ಸಮ ಅಲ್ಲ" ಎಂದು ಬರೆದಿದ್ದಾರೆ. ಮಗಳ ಹತ್ತಿರ ಮೂರು ಸಲ ಓದಿಸಿಕೊಂಡೆ. ಜಂಬ ಬೇಡ ಎಂದು ಮನಸ್ಸಿಗೆ ಹೇಳಿ ನಾಲ್ಕನೇ ಸಲ ಓದಿಸಿಕೊಂಡೆ.

ಅಂಗಡಿಗೆ ಹೋದರೆ ಓವರ್‌ಲಾಕ್ ಎದ್ದು ಸೆಲ್ಯೂಟ್ ಹೊಡೆದಳು.

ರಾತ್ರಿಯ ಕಂತಿನಲ್ಲಿ ಹೆಣ ಯಾರದು ಎಂದು ಹೇಳಲೇ ಇಲ್ಲ. ಬದುಕಿದ್ದಾನೆ ಎನ್ನುವ ನಮ್ಮ ಕಡೆಗೆ ಇದೂ ಒಂದು ಸಾಕ್ಷಿ!

ಮಾರ್ಚ್ 12, ಬುಧವಾರ

ತಮ್ಮನ ಚೀಟಿ. ಲೇಡಿ ಆಫೀಸರ್ ಬಗ್ಗೆ ಕೇಳಿದ್ದಕ್ಕೆ ಉತ್ತರ ಉದ್ದಕ್ಕೆ ಬರೆದಿದ್ದಾನೆ: ತಿದ್ದಿದ ಕಡೆ ಪೆನ್ನು ಒತ್ತಿ ಬಿದ್ದಿರುತ್ತದೆ, ಹಿಂದಿನ ಪುಟ ಬೆರಳಲ್ಲಿ ಸವರಿದರೆ ಗೊತ್ತಾಗುತ್ತದೆ ಎಂದು. ಕೆಳಗೆ ಒಂದೇ ಸಾಲು: "ಅಕ್ಕ, ಟಿ.ವಿ.ಯಲ್ಲಿ ಆ ಗುಂಡಿ ನೋಡಿದಾಗಲೆಲ್ಲ ನನ್ನ ಮೊದಲನೇ ಯೂನಿಫಾರಂ ನೆನಪಾಗುತ್ತದೆ."

ಮೊದಲನೇ ಯೂನಿಫಾರಮ್ಮಿಗೆ ಗುಂಡಿ ಹಾಕಿದ್ದು ನಾನು. ಒಂದೊಂದು ಗುಂಡಿಗೂ ಒಂದೊಂದು ಸಲ ದೇವರ ಹೆಸರು ಹೇಳಿ ಹಾಕಿದ್ದೆ. ಅದನ್ನು ನೆನಪಿಸಿ ನನ್ನನ್ನು ಕರಗಿಸುವ ಉಪಾಯ! ಪೊಲೀಸ್ ಬುದ್ಧಿ.

ಉತ್ತರ ಬರೆಯಲಿಲ್ಲ.

ಮಾರ್ಚ್ 18, ಮಂಗಳವಾರ

ಐದು ದಿನ ಬರೆಯಲು ಪುರುಸೊತ್ತಿರಲಿಲ್ಲ. ಖುಷಿಯಲ್ಲಿ ತೇಲುತ್ತಿದ್ದೆ. ಇವತ್ತು ನೆಲಕ್ಕೆ ಬಿದ್ದೆ.

ಮಧ್ಯಾಹ್ನ ಗುಂಡಿ ಮಿಷನ್ ಕೆಟ್ಟಿತು. ಮಾಸ್ಟರ್ ಕಿವಿಯ ಹತ್ತಿ ತೆಗೆದು ನನ್ನ ಹತ್ತಿರ ಬಂದರು.

"ತಗೋಮ್ಮ, ಇನ್ನು ನಿನ್ನ ಕೈಯೇ ಗತಿ. ಇದು ಯಾವಾಗ್ಲೂ ಹೀಗೇ, ಅರ್ಜೆಂಟಿದ್ದಾಗ್ಲೇ ಕೈ ಕೊಡೋದು. ಆ ಶೂಟಿಂಗ್‌ನವರ ಆರ್ಡರ್ ಹೊತ್ತಲ್ಲೂ ಹೀಗೇ ಆಗಿತ್ತಲ್ಲ."

"ಯಾವ ಶೂಟಿಂಗ್?"

"ಹೋದ ವರ್ಷದ ಹಿಂದಿನ ವರ್ಷ. ಯಾವುದೋ ಟಿ.ವಿ.ಯವರು. ಒಂದೇ ಅಳತೆಯ ಖಾಕಿ ಅಂಗಿ ಹತ್ತು ಬೇಕು ಅಂದ್ರು. ನಾಲ್ಕಕ್ಕೆ ನೀನೇ ಗುಂಡಿ ಹಾಕಿದ್ದೆ. ಆಮೇಲೆ ಮಿಷನ್ ರಿಪೇರಿ ಆಯ್ತು, ಮಿಕ್ಕಿದ್ದಕ್ಕೆ ಅದರಲ್ಲೇ ಹಾಕಿಸಿದೆ."

ಸೂಜಿ ಬೆರಳಿಗೆ ಚುಚ್ಚಿತು. ನೋವೇ ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ಮಗಳ ಫೋನು ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಕತ್ತರಿ ಹೊಲಿಗೆಯಲ್ಲಿ ಮೇಲಿನ ಎಳೆ ಎಡಗಡೆಯಿಂದ ಇಳಿದಿದೆ. ನಮ್ಮ ಅಂಗಡಿಯಲ್ಲಿ ಬಲಗೈಯವರು ಹಾಕಿದ ಗುಂಡಿಯಲ್ಲಿ ಅದು ಬಲಗಡೆಯಿಂದ ಇಳಿಯುತ್ತದೆ. ಎಡಗೈಯವಳು ನಾನೊಬ್ಬಳೇ. ಗುಂಡಿಯ ಬುಡಕ್ಕೆ ದಾರ ಮೂರು ಸುತ್ತು. ನನ್ನದೇ ಮೂರು ಸುತ್ತು.

ಪುಣ್ಯಾತ್ಮರು ನಾನೇ! ನನ್ನ ಹೊಲಿಗೆಯನ್ನು ನಾನೇ ಹೊಗಳಿ, ನನ್ನ ಮಿಷನ್ ಕೆಟ್ಟ ಕಥೆಯನ್ನು ಸಾಹೇಬ ಬದುಕಿದ ಕಥೆ ಮಾಡಿ, ಮೂರು ಸಾವಿರ ಜನಕ್ಕೆ ಹಂಚಿದ್ದೇನೆ. ಶೂಟಿಂಗಿನವರು ಹತ್ತರಲ್ಲಿ ಯಾವ ಅಂಗಿ ಕೈಗೆ ಸಿಕ್ಕಿತೋ ಅದನ್ನು ಹೆಣಕ್ಕೆ ಹಾಕಿದ್ದಾರೆ. ಅಷ್ಟೇ. ಗುಂಡಿಯಲ್ಲಿ ಏನೂ ಇಲ್ಲ.

ತಮ್ಮನಿಗೆ ಗೊತ್ತಾಗಿತ್ತು. ಅವನ ಮೊದಲನೇ ಯೂನಿಫಾರಮ್ಮಿನಲ್ಲೂ ಇದೇ ಎಡಗೈ ಹೊಲಿಗೆ. ಆ ಸಾಲಿನ ಅರ್ಥ ಅದು. ನನ್ನನ್ನು ಕರಗಿಸಲು ಅಲ್ಲ, ಎಚ್ಚರಿಸಲು. ಯಾರಿಗೂ ಹೇಳದೆ ನನಗೊಬ್ಬಳಿಗೇ ಬರೆದಿದ್ದ.

ನಾಳೆ ಎಲ್ಲರಿಗೂ ಹೇಳಬೇಕು.

ಮಾರ್ಚ್ 19, ಬುಧವಾರ

ಹೇಳಬೇಕೆಂದೇ ಹೋದೆ. ಓವರ್‌ಲಾಕ್ ನನ್ನ ಸ್ಟೂಲಿಗೆ ಮೆತ್ತನೆ ದಿಂಬು ಹೊಲಿದು ತಂದಿದ್ದಳು. "ನಮ್ಮ ಅಂಗಡಿಗೇ ಹೆಸರು ತಂದವರು ನೀವು." ದಿಂಬಿನ ಮೇಲೆ ಕೂತು ಹೇಗೆ ಹೇಳಲಿ?

ನಾಳೆ.

ಮಾರ್ಚ್ 20, ಗುರುವಾರ

ಇವತ್ತೂ ಹೇಳಲಿಲ್ಲ.

ಮಾರ್ಚ್ 21, ಶುಕ್ರವಾರ

ಗ್ರೂಪಿನಲ್ಲಿ ಈಗ ಆರು ಸಾವಿರ. ಯಾರೋ ಗುಂಡಿಯ ಚಿತ್ರ ಬರೆದು ಕೆಳಗೆ "ದಾರ ಸುಳ್ಳು ಹೇಳುವುದಿಲ್ಲ" ಎಂದು ಹಾಕಿದ್ದಾರೆ. ನಾನು ಹೇಳಿದ ಮಾತಂತೆ. ನಾನು ಯಾವಾಗ ಹೇಳಿದೆ?

ಮಗಳು ಅದನ್ನು ತನ್ನ ಫೋನಿನ ಮುಖಕ್ಕೆ ಹಾಕಿಕೊಂಡಿದ್ದಾಳೆ.

ಸುಳ್ಳು ಯಾಕೆ ಬರೆಯಲಿ, ಇಲ್ಲಿ ಯಾರೂ ಓದುವವರಿಲ್ಲ... ಖುಷಿಯೂ ಆಯಿತು. ನಾಚಿಕೆಯಾಯಿತು, ಖುಷಿಯೂ ಆಯಿತು.

ಮಾರ್ಚ್ 24, ಸೋಮವಾರ

ಉಪವಾಸ. ದೀಪ ಹಚ್ಚಿದೆ, ಕೂತೆ, ಒಂದು ಹೆಸರೂ ಬಾಯಿಗೆ ಬರಲಿಲ್ಲ. ಇದೇ ದೀಪದ ಮುಂದೆ ತಾನೇ ತಮ್ಮನಿಗೆ ದೊಡ್ಡ ಮಾತು ಹೇಳಿದ್ದು? ಅವನು ಒಂದು ಅಂಕಿ ಮುಚ್ಚಿಟ್ಟ. ನಾನು ಒಂದು ಗುಂಡಿ. ಸಮ ಅಲ್ಲ, ಗೊತ್ತು. ನನ್ನ ಗುಂಡಿಯಿಂದ ಯಾರ ಕಾಲೂ ಹೋಗಲಿಲ್ಲ. ಆದರೆ ಬಾಯಿ ಕಟ್ಟುವುದು ಹೇಗೆ ಎನ್ನುವುದು ಒಂದೇ ತರ ಇದೆ.

ಅಂಗಡಿಯಲ್ಲಿ ಚೀಟಿ ಬರೆದೆ: "ಆ ಅಂಕಿಯ ವಿಷಯ ನೀನು ಮೊದಲನೇ ದಿನವೇ ಯಾಕೆ ಹೇಳಲಿಲ್ಲ?" ಇಸ್ತ್ರಿಯ ಕೈಗೆ ಕೊಟ್ಟೆ. ಸೀರಿಯಲ್ ವಿಷಯ ಅಲ್ಲ ಎಂದು ಅವಳಿಗೂ ತಿಳಿಯಿತು. ರವಿಕೆಯೊಳಗೆ ಸಿಕ್ಕಿಸಿಕೊಂಡಳು.

ಮಾರ್ಚ್ 25, ಮಂಗಳವಾರ

ಉತ್ತರ ಬಂತು. ಹಾಗೆಯೇ ಇಳಿಸಿಕೊಳ್ಳುತ್ತೇನೆ.

"ಮೊದಲನೇ ದಿನ ಹೇಳಿಬಿಡೋಣ ಅಂದುಕೊಂಡೆ ಅಕ್ಕ. ಸಂಜೆ ಸ್ಟೇಷನ್ನಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಎರಡನೇ ದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರಲ್ಲ ಅನ್ನಿಸಿತು. ಮೂರನೇ ದಿನದ ಹೊತ್ತಿಗೆ ಹೇಳಬೇಕಾದ ತಪ್ಪು ಒಂದಲ್ಲ, ಎರಡಾಗಿತ್ತು. ಆಮೇಲೆ ಎಣಿಸಲಿಲ್ಲ. ನೀನು ಎಷ್ಟನೇ ದಿನದಲ್ಲಿದ್ದೀಯ?"

ಎಂಟನೇ ದಿನ, ಕಳ್ಳ. ಎಂಟನೇ ದಿನ.

ಮಾರ್ಚ್ 26, ಬುಧವಾರ

ಹೇಳಿದೆ!

ಬೆಳಗ್ಗೆ ಮಿಷನ್ನುಗಳು ಶುರುವಾಗುವ ಮೊದಲು ದಿಂಬು ಕೈಯಲ್ಲಿ ಹಿಡಿದು ಎದ್ದು ನಿಂತೆ. "ಆ ಗುಂಡಿ ಹಾಕಿದ್ದು ನಾನೇ. ಸಾಹೇಬನ ಅಂಗಿ ನಮ್ಮ ಅಂಗಡೀದು. ಮಿಷನ್ ಕೆಟ್ಟಿತ್ತು ಅಷ್ಟೆ. ಎಂಟು ದಿನದಿಂದ ನಂಗೆ ಗೊತ್ತು, ಬಾಯಿ ಮುಚ್ಕೊಂಡಿದ್ದೆ." ದಿಂಬು ಓವರ್‌ಲಾಕ್‌ಗೆ ವಾಪಸ್ ಕೊಟ್ಟೆ.

ಆಮೇಲೆ ಓವರ್‌ಲಾಕ್ ಕಿರುಚಿದಳು:

"ಏನು?! ಸಾಹೇಬ ಹಾಕ್ಕೊಂಡಿರೋ ಅಂಗಿಗೆ ನಾನು ಓವರ್‌ಲಾಕ್ ಹೊಡೆದಿದೀನಾ? ಅವನ ಬಗಲಲ್ಲಿರೋ ಹೊಲಿಗೆ ನಂದಾ?"

ಅಷ್ಟೇ. ನನ್ನ ತಪ್ಪು ಯಾರಿಗೆ ಬೇಕು! ಕಾಲರ್ ಯಾರು ಹಾಕಿದ್ದು, ಜೇಬು ಯಾರದು ಎಂದು ಮಾಸ್ಟರ್ ತಲೆ ತಿಂದರು. ಮಾಸ್ಟರ್ ಮತ್ತೆ ಹತ್ತಿ ತುರುಕಿಕೊಂಡರು.

ಸಂಜೆ ಮಗಳಿಗೆ ಹೇಳಿ ಗ್ರೂಪಿಗೂ ಬರೆಸಿದೆ. ಅವಳ ಮುಖ ಸಪ್ಪೆಯಾಯಿತು. "ಬೇಡಮ್ಮಾ, ಇನ್ನೆರಡೇ ದಿನ. ಮುಗಿದ್ಮೇಲೆ ಯಾರು ಕೇಳ್ತಾರೆ?" "ಅದಕ್ಕೇ ಇವತ್ತು ಹಾಕು," ಎಂದೆ. ಹಾಕಿದಳು. ಬೈದರು, ನಕ್ಕರು. "ಗುಂಡಿ ಅಕ್ಕ, ನಮ್ಮ ಗುಂಡಿಗೆ ಒಡೆದಿರಿ" ಎಂದು ಒಬ್ಬ. ಡಾಕ್ಟರ್ ಬರೆದರು: "ನನ್ನ ಎಕ್ಸ್‌ರೇಯಲ್ಲೂ ಒಮ್ಮೆ ನನ್ನ ಬೆರಳೇ ಬಂದಿತ್ತು, ಬಿಡಿ ಅಕ್ಕ."

ಇನ್ನು ಯಾರಿಗೂ ಏನೂ ಗೊತ್ತಿಲ್ಲ. ಸಾಹೇಬ ಸತ್ತಿರಬಹುದು, ಬದುಕಿರಬಹುದು. ಎಲ್ಲ ಮತ್ತೆ ಮೊದಲಿನಿಂದ! ಎರಡೇ ದಿನ! ನಿದ್ದೆ ಹೇಗೆ ಬರುತ್ತದೆ?

ಮಾರ್ಚ್ 28, ಶುಕ್ರವಾರ

ಸಂಜೆ 7. ಅಡುಗೆ ಐದಕ್ಕೇ ಮುಗಿಸಿದೆ. ಓವರ್‌ಲಾಕ್ ಬಂದು ಕೂತಿದ್ದಾಳೆ, ಮನೆಯಲ್ಲಿ ಒಬ್ಬಳೇ ನೋಡಲು ಎದೆ ನಡುಗುತ್ತದಂತೆ. ಇವರು ಡಿಪೋದಿಂದ ಬೇಗ ಬಂದಿದ್ದಾರೆ. "ಟ್ರಾನ್ಸ್‌ಫರ್ ಆರ್ಡರ್ ನೋಡೋಕೆ ಬಂದೆ."

7:25. ಕರೆಂಟು ಹೋಗದಿರಲಿ ದೇವರೇ. ಇಷ್ಟು ಸಣ್ಣದು ಕೇಳಿದರೆ ಬೇಸರ ಮಾಡಬೇಡ.

7:45. ಜಾಹೀರಾತು. ಹೆಣ ಡ್ರೈವರನದು! ಸಾಹೇಬನ ಅಂಗಿ ಹಾಕಿಕೊಂಡು ಓಡುತ್ತಿದ್ದವನು. ಗುಂಡಿಯ ಮಾತೇ ಇಲ್ಲ, ಆದರೂ ಸಾಹೇಬ ಬದುಕಿದ್ದಾನೆ! ಓವರ್‌ಲಾಕ್ ನನ್ನ ಬೆನ್ನಿಗೆ ಗುದ್ದಿದಳು. ಇನ್ನೂ ಉರಿಯುತ್ತಿದೆ.

8:10. ಮುಗಿಯಿತು.

ಯಾರೂ ಹಿಡಿಯಲಿಲ್ಲ. ಸಾಹೇಬನ ಹತ್ತಿರ ಊರು ಬಿಡಲು ಟಿಕೆಟ್ ಇತ್ತು. ಬಸ್ಸು ಹೊರಟಿತು, ಅವನು ಹತ್ತಲಿಲ್ಲ. ಮಾಮೂಲಿ ಅಂಗಿ, ಕೆದರಿದ ತಲೆ. ತನ್ನದೇ ಸ್ಟೇಷನ್ನಿಗೆ ನಡೆದು ಬಂದ. ದೂರು ಕೊಡುವವರು ಕೂರುವ ಮರದ ಬೆಂಚಿನ ಮೇಲೆ ಕೂತ. ಲೇಡಿ ಆಫೀಸರ್ ಬಂದು ಎದುರು ಕೂತು, ಬಿಳಿ ಹಾಳೆ ಎಳೆದುಕೊಂಡು, ಪೆನ್ನು ತೆಗೆದು ಕೇಳಿದಳು: "ಹೆಸರು?"

ಅಷ್ಟೇ. ಕಪ್ಪು ಪರದೆ.

ಓವರ್‌ಲಾಕ್ ಬಾಯಿ ತೆರೆದಳು, ಮಾತು ಬರಲಿಲ್ಲ. ನಾನು ಕಂಡ ಹಾಗೆ ಇದೇ ಮೊದಲು. ಇವರು ಮಾತ್ರ ಮೆಲ್ಲಗೆ ಹೇಳಿದರು, "ಗೊತ್ತಿರೋರ ಹತ್ರ ಹೆಸರು ಹೇಳೋದು... ಕಷ್ಟ ಅಲ್ವಾ?"

ಮಾರ್ಚ್ 29, ಶನಿವಾರ

ನೆಟ್ಟಗೆ ಬರೆಯಬೇಕು.

ಮಧ್ಯಾಹ್ನ ಡಬ್ಬಿಯ ಹೊಲಿಗೆಯನ್ನು ಮಾಸ್ಟರ್ ಕತ್ತರಿಸಿದರು. ಒಂದೊಂದೇ ಚೀಟಿ ಓದಿದರು. ಡ್ರೈವರ್ ಕೊಲ್ಲುತ್ತಾನೆ, ತಪ್ಪು. ಬೇಡಿ ಹಾಕುತ್ತಾರೆ, ನನ್ನದು, ತಪ್ಪು. ಪರದೇಶಕ್ಕೆ ಓಡುತ್ತಾನೆ, ಹುಚ್ಚನಾಗುತ್ತಾನೆ, ಲೇಡಿ ಆಫೀಸರನ್ನು ಮದುವೆಯಾಗುತ್ತಾನೆ... ಅದಕ್ಕೆ ಎಲ್ಲರೂ ನಕ್ಕರು, ಬರೆದವರು ಯಾರೂ ಒಪ್ಪಿಕೊಳ್ಳಲಿಲ್ಲ. ಕೊನೆಯದು ನಾಲ್ಕು ಮಡಿಕೆಯದು. ಮಾಸ್ಟರ್ ಓದಿದರು:

"ಯಾರೂ ಹಿಡಿಯುವುದಿಲ್ಲ. ತಾನೇ ಹೋಗುತ್ತಾನೆ. ದೂರಿನವರ ಬೆಂಚಿನ ಮೇಲೆ ಕೂರುತ್ತಾನೆ. ಜೊತೆಗೆ ಕೆಲಸ ಮಾಡಿದವರೇ ಎದುರು ಕೂತು ಹೆಸರು ಕೇಳುತ್ತಾರೆ."

ಅಂಗಡಿಗೆ ಅಂಗಡಿಯೇ ಹೋ ಎಂದಿತು! ಹದಿನೈದು ಜನರಲ್ಲಿ ಒಬ್ಬ, ಅದೂ ಬೆಂಚಿನ ಸಮೇತ, ಇಪ್ಪತ್ತನಾಲ್ಕು ದಿನ ಮೊದಲೇ! "ಫ್ಯಾನು ಇಸ್ತ್ರಿ ಮೇಜಿಗೆ!" ಎಂದು ಓವರ್‌ಲಾಕ್ ಕುಣಿದಳು. "ಅವರಿಗೆ ಹೇಗೆ ಗೊತ್ತಾಯ್ತೇ? ಟಿ.ವಿ.ಯವರು ನೆಂಟರಾ?"

ಇಸ್ತ್ರಿ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಬದಿಗೆ ನಿಲ್ಲಿಸಿ ನನ್ನ ಹತ್ತಿರ ಬಂದಳು. ಆರು ವರ್ಷದಲ್ಲಿ ಮೊದಲ ಸಲ ಕಟ್ಟು ಮುರಿದಳು.

"ಅತ್ತಿಗೆ, ನೀವು ಬೈದ್ರೂ ಪರವಾಗಿಲ್ಲ. ಅವರನ್ನ ಯಾರೂ ಹಿಡೀಲಿಲ್ಲ. ವಿಚಾರಣೆಯವರ ಕೈಗೆ ಏನೂ ಸಿಕ್ಕಿರಲಿಲ್ಲ. ನೀವು ಬಾಗಿಲು ಹಾಕ್ಕೊಂಡ ಸಂಜೆನೇ ಇವರು ಸೀದಾ ಸ್ಟೇಷನ್ನಿಗೆ ಹೋಗಿ ಕೂತ್ಕೊಂಡು ಬರೆದುಕೊಟ್ರು. ಲಾರಿ ನಂಬರು, ಯಾರು ಕೊಟ್ರು, ಎಲ್ಲಾ. ಕಾಲು ಹೋದವರ ಕೇಸು ಮತ್ತೆ ತೆರೆದಿದ್ದು ಅದರಿಂದಲೇ."

"ಇಷ್ಟು ವರ್ಷ ನಂಗ್ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ?"

ಕೇಳಲಿಲ್ಲ. ಹೆಸರು ಎತ್ತಬೇಡ ಎಂದವಳು ನಾನು. ಆರು ವರ್ಷ ಸೋಮವಾರ ಸೋಮವಾರ ಹಸಿದು ಕೂತು, ಅವನಿಗೆ ಬುದ್ಧಿ ಕೊಡು ದೇವರೇ, ಬುದ್ಧಿ ಕೊಡು ಎಂದು ಬೇಡಿದೆ. ಕೊಟ್ಟಾಗಿತ್ತು. ನಾನು ಹಸಿಯಲು ಶುರು ಮಾಡುವ ಮೊದಲೇ ಕೊಟ್ಟಾಗಿತ್ತು!

ಚೀಟಿ ಇಸಿದುಕೊಂಡೆ. ಅಳತೆ ಇರುವ ಬದಿಯಲ್ಲೂ ಬರಹ ಇತ್ತು, ಮಾಸ್ಟರ್ ನೋಡಿರಲಿಲ್ಲ. ಬಾಲ ಉದ್ದದ ಅದೇ ಅಕ್ಷರ:

"ಆಮೇಲೆ ಮನೆಯವರು ಬಾಗಿಲು ತೆಗೆಯುತ್ತಾರಾ ಇಲ್ಲವಾ, ಅದು ನನಗೆ ಗೊತ್ತಿಲ್ಲ. ಅಕ್ಕನನ್ನು ಕೇಳಿ."

ಮಾರ್ಚ್ 31, ಸೋಮವಾರ. ಸಂಜೆ 6

ಇವತ್ತು ಉಪವಾಸ ಹಿಡಿಯಲಿಲ್ಲ. ಬೆಳಗ್ಗೆ ದೀಪ ಹಚ್ಚಿ, ಕೊಟ್ಟಿದ್ದನ್ನು ನೋಡದೆ ಮತ್ತೆ ಮತ್ತೆ ಬೇಡಿದ್ದಕ್ಕೆ ಕ್ಷಮೆ ಕೇಳಿ, ಹೊಟ್ಟೆ ತುಂಬ ತಿಂದೆ. ಇವರು ತಟ್ಟೆಯನ್ನೂ ನನ್ನ ಮುಖವನ್ನೂ ನೋಡಿದರು. "ಏನು, ಟ್ರಾನ್ಸ್‌ಫರ್ ಆಯ್ತಾ?" ಎಂದರು. ನಕ್ಕು ನಕ್ಕು ನೆತ್ತಿಗೇರಿತು.

ನಿನ್ನೆಯಿಂದ ಉತ್ತರ ಬರೆಯುತ್ತಿದ್ದೇನೆ. ಐದು ಅಳತೆ ಚೀಟಿ ಹಾಳಾಯಿತು. ಆರನೆಯದರಲ್ಲಿ ಎರಡೇ ಪದ ಉಳಿಯಿತು. ಸಾಕು, ಅವನಿಗೆ ಓದಲು ಬರುತ್ತದೆ, ಕಲಿಸಿದವಳು ನಾನೇ.

ಮಧ್ಯಾಹ್ನ ಇಸ್ತ್ರಿ ಕೈ ಚಾಚಿದಳು, "ಕೊಡಿ ಅತ್ತಿಗೆ, ಒಯ್ದು ಕೊಡ್ತೀನಿ," ಎಂದು. ಕೊಡಲಿಲ್ಲ. ಮನೆಗೆ ಬಂದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ್ದೇನೆ. ಮೊಳೆ ಇರುವುದು ಹೊಸ್ತಿಲಿನ ಒಳಗೆ. ಹೊರಗೆ ನಿಂತು ಕೈ ಚಾಚಿದರೆ ಎಟುಕುವುದಿಲ್ಲ, ನಾನೇ ನಿಂತು ನೋಡಿದೆ.

ವೇಬ್ರಿಡ್ಜ್ ಐದೂವರೆಗೆ ಮುಚ್ಚುತ್ತದಂತೆ. ಬಾಗಿಲು ತೆರೆದಿಟ್ಟಿದ್ದೇನೆ. ಇಸ್ತ್ರಿಗೆ ಹೇಳಿ ಕಳಿಸಿದ್ದು ಇಷ್ಟೇ: ಉತ್ತರ ಇಲ್ಲಿದೆ, ಚೀಟಿ ಇನ್ನು ಯಾರ ಕೈಯಲ್ಲೂ ಬರುವುದಿಲ್ಲ, ಅವನೇ ಬಂದು ತೆಗೆದುಕೊಂಡು ಹೋಗ— ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟ ಸದ್ದು.